ಎಂಟನೇ ಗುಂಡಿಯ ಬಾವುಟ

ಹೆಣವನ್ನು ಮೊದಲು ಕಂಡವಳು ಓಬವ್ವ. ಅವಳು ಕೂಗಲಿಲ್ಲ. ಸುಟ್ಟ ಎಣ್ಣೆಯ ಡಬ್ಬವನ್ನು ಕೆಳಗಿಟ್ಟಳು. ಎರಡು ಮೈಲಿ ಬರಿಗಾಲಲ್ಲಿ ನಡೆದು ಜಗಳೂರು ಪೊಲೀಸ್ ಠಾಣೆಗೆ ಬಂದಳು.

"ಎಂಟನೇ ಗುಂಡಿಯಾಗೆ ಕ್ಲಾರ್ಕ್ ಶಿವಮೂರ್ತಪ್ಪ ಬಿದ್ದಾರೆ. ಉಸಿರಿಲ್ಲ."

ಸಬ್ ಇನ್‌ಸ್ಪೆಕ್ಟರ್ ಷಣ್ಮುಖಪ್ಪ ಆಗಷ್ಟೇ ಚಹಾದ ಲೋಟ ತುಟಿಗಿಟ್ಟಿದ್ದ. "ಎಷ್ಟು ಆಳ ಐತೆ ಗುಂಡಿ?"

"ಆಟದ ಗುಂಡಿ ಸಾಹೇಬ್ರೆ. ಅಂಗೈಯಗಲ. ಅದರಾಗೆ ಬೀಳಾಕೆ ಇಲಿಗೂ ಆಗಲ್ಲ."

ಷಣ್ಮುಖಪ್ಪ ಲೋಟ ಕುಕ್ಕಿದ. ಚಹಾ ಅರ್ಧ ಮೇಜಿನ ಮೇಲೆ ಚೆಲ್ಲಿತು.

೧೯೮೩ರ ಜನವರಿ, ಬುಧವಾರ. ಮರುದಿನ ಕೆಂಪುಗುಡ್ಡದಲ್ಲಿ ಗಾಲ್ಫ್ ಪಂದ್ಯ ಶುರುವಾಗಬೇಕಿತ್ತು. ಜಗಳೂರಿನಲ್ಲಿ ಗಾಲ್ಫ್ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಗುಡ್ಡದ ಬುಡದಲ್ಲಿ ಒಂದು ಕಾಲಕ್ಕೆ ಗಣಿ ಇತ್ತು. ಗಣಿಯ ಬಿಳಿ ಇಂಜಿನಿಯರುಗಳು ಕುರಿ ಮೇಯುವ ಬಯಲಿನಲ್ಲಿ ಒಂಬತ್ತು ಗುಂಡಿ ತೋಡಿದರು, ಒಂದೊಂದಕ್ಕೂ ಒಂದೊಂದು ಬಣ್ಣದ ಬಾವುಟ ನೆಟ್ಟರು. ೧೯೬೯ರಿಂದ ವರ್ಷಕ್ಕೊಮ್ಮೆ, ಹೊಟ್ಟೆಪಾಡಿಗೆ ಆಡುವ ಆಟಗಾರರಿಗಾಗಿ ಪಂದ್ಯ ಇಟ್ಟರು. ಕೆಂಪುಗುಡ್ಡ ಓಪನ್ ಎಂದು ಹೆಸರು. ಗಣಿ ಮುಚ್ಚಿತು, ಬಿಳಿಯರು ಹೋದರು. ಪಂದ್ಯ ಮಾತ್ರ ಹೇಗೋ ಉಸಿರು ಹಿಡಿದುಕೊಂಡಿತ್ತು.

ಬೇರೆ ಊರುಗಳಲ್ಲಿ ಗುಂಡಿಯ ಸುತ್ತ ಹುಲ್ಲು ಬೆಳೆಸುತ್ತಾರೆ. ಇಲ್ಲಿ ಕುಡಿಯಲು ನೀರಿಲ್ಲ, ಹುಲ್ಲಿಗೆಲ್ಲಿಂದ ತರುವುದು? ಮೂವತ್ತು ಅಡಿ ಅಗಲದ ಮರಳಿನ ಚಕ್ರ ಹಾಸಿ, ಗಾಳಿಗೆ ಹಾರದಂತೆ ಲಾರಿಯ ಸುಟ್ಟ ಎಣ್ಣೆ ಸುರಿಯುತ್ತಿದ್ದರು. ಎಣ್ಣೆ ಸುರಿಯುವುದು, ಹಲಗೆ ಎಳೆದು ಮರಳನ್ನು ಸಮ ಮಾಡುವುದು ಓಬವ್ವನ ಕೆಲಸ.

ಹೆಣ ಆ ಮರಳಿನ ಅಂಚಿನಲ್ಲಿತ್ತು. ಶಿವಮೂರ್ತಪ್ಪ, ಕ್ಲಬ್ಬಿನ ಗುಮಾಸ್ತ, ಐವತ್ತೈದರ ಬಡಕಲು ಮನುಷ್ಯ. ಎಡಗಿವಿಯ ಮೇಲೆ ಒಂದೇ ಪೆಟ್ಟು. ಕೈಗಡಿಯಾರ ಕೈಯಲ್ಲೇ ಇತ್ತು. ಅವನ ಚಪ್ಪಲಿಗಳು ಮರಳಿನ ಹೊರಗೆ ಜೋಡಿಯಾಗಿ ಕೂತಿದ್ದವು.

"ಚಪ್ಪಲಿ ಯಾಕೆ ಬಿಟ್ಟಾನೆ?"

"ಮರಳಿನ ಮೇಲೆ ಚಪ್ಪಲಿ ಹಾಕ್ಕೊಂಡು ಯಾರೂ ಹೋಗಲ್ರಿ. ಆಟಗಾರರ ಬೂಟಿಗೊಂದೇ ವಿನಾಯಿತಿ," ಎಂದಳು ಓಬವ್ವ. ಆಮೇಲೆ ಮೆಲ್ಲಗೆ, "ಸಾಹೇಬ್ರೆ, ಮರಳು ನೋಡ್ರಿ."

ಷಣ್ಮುಖಪ್ಪ ನೋಡಿದ. ಗುಂಡಿಯಿಂದ ಹೊರಟ ಹಲಗೆಯ ಗೆರೆ ಸುತ್ತು ಸುತ್ತಾಗಿ ಅಂಚಿನವರೆಗೆ ಬಂದಿತ್ತು. ಎಲ್ಲೂ ಒಂದು ಹೆಜ್ಜೆ ಗುರುತಿಲ್ಲ. ಹೆಣ ಬಿದ್ದ ಕಡೆ ಗೆರೆ ಬಾಗಿ, ಹೊಲದಲ್ಲಿ ಬಂಡೆ ಬಿಟ್ಟು ಕುಂಟೆ ಹೊಡೆದ ಹಾಗೆ, ಹೆಣವನ್ನು ಬಳಸಿ ಹೋಗಿತ್ತು. ನಡುವೆ ಹಳದಿ ಬಾವುಟ ನೆಟ್ಟಗೆ ನಿಂತಿತ್ತು. ಅದರ ಬಟ್ಟೆಗೆ ಎಣ್ಣೆಮರಳು ಹತ್ತಿತ್ತು, ಕಿತ್ತು ಮಲಗಿಸಿ ಮತ್ತೆ ನೆಟ್ಟ ಹಾಗೆ.

"ನಿನ್ನೆ ಮಧ್ಯಾಹ್ನ ಎಣ್ಣೆ ಹಾಕಿ, ಐದಕ್ಕೆ ಎಳೆದು ಹೋದೆ. ನಾನು ಎಳೆದ್ರೆ ಗೆರೆ ಮೂಡಲಕ್ಕೆ ಮುಗೀತದೆ, ನನ್ನ ದಾರಿ ಅದು. ಇದು ಪಡುವಲಕ್ಕೆ ಮುಗಿದೈತೆ."

"ಪಡುವಲಕ್ಕೆ ಏನೈತೆ?"

"ಕ್ಯಾಡಿಗಳ ಷೆಡ್ಡು."

ಕ್ಯಾಡಿಗಳೆಂದರೆ ಆಟಗಾರರ ಕೋಲಿನ ಚೀಲ ಹೊರುವವರು. ಗುಂಡಿಯಿಂದ ಬಾವುಟ ಕೀಳುವುದು, ಆಟ ಮುಗಿದ ಮೇಲೆ ಮತ್ತೆ ನೆಡುವುದು, ಹೆಜ್ಜೆ ಅಳಿಸಿ ಮರಳು ಎಳೆಯುವುದು, ಎಲ್ಲ ಅವರದೇ. ಮರೆತರೆ ಮರುದಿನ ಕೆಲಸವಿಲ್ಲ.

ಷಣ್ಮುಖಪ್ಪನಿಗೆ ಮೈ ಉರಿಯಿತು. ಕೊಂದವನು ಓಡಿಹೋಗಬೇಕು. ಇವನು ನಿಂತು ಬಾವುಟ ನೆಟ್ಟಿದ್ದ.

\* \* \*

ಕ್ಲಬ್ಬಿನ ಕಾರ್ಯದರ್ಶಿ ಮಹೇಶ್ವರಪ್ಪ ಚನ್ನಗಿರಿಯ ಅಡಿಕೆ ಮಂಡಿಯವನು. ಪಂದ್ಯದ ವಾರದಲ್ಲಿ ಮಾತ್ರ ಜಗಳೂರಿಗೆ ಬರುವ ಬಿಳಿ ಬಟ್ಟೆಯ ಮನುಷ್ಯ. ಸತ್ತವನಿಗಿಂತ ಪಂದ್ಯದ ಚಿಂತೆಯೇ ಅವನಿಗೆ ಹೆಚ್ಚಾಗಿತ್ತು.

"ನಾಳೆ ಬೆಂಗಳೂರಿಂದ ಆಟಗಾರರು ಬರ್ತಾರೆ ಸಾರ್. ಸ್ವಲ್ಪ ಬೇಗ ಮುಗಿಸಿಬಿಡಿ."

"ಹೆಣಕ್ಕೆ ನಾಡಿದ್ದು ಸಾಯಾಕೆ ಹೇಳಬೇಕಿತ್ತು ನೀವು," ಎಂದ ಷಣ್ಮುಖಪ್ಪ.

ಗೋಡೆಯ ಮೇಲೆ ತೇಗದ ಹಲಗೆ. ಅದರ ಮೇಲೆ ಚಿನ್ನದ ಬಣ್ಣದಲ್ಲಿ ಗೆದ್ದವರ ಹೆಸರು, ೧೯೬೯ರಿಂದ ೧೯೮೨ರವರೆಗೆ. ಶಿವಮೂರ್ತಪ್ಪ ಆರು ತಿಂಗಳಿಂದ ಪಂದ್ಯದ ಚರಿತ್ರೆ ಬರೆಯುತ್ತಿದ್ದನಂತೆ. ಹದಿನೈದನೇ ಪಂದ್ಯದ ನೆನಪಿಗೆ ಪುಸ್ತಕ. ಈ ವಾರ ಹೊನ್ನಾಳಿಯ ಪ್ರೆಸ್ಸಿಗೆ ಹೋಗಬೇಕಿತ್ತು.

ಹಸ್ತಪ್ರತಿ ಗುಮಾಸ್ತನ ಮೇಜಿನ ಮೇಲಿತ್ತು. ದಾರದಲ್ಲಿ ಹೊಲಿದ ಹಾಳೆಗಳು. ಷಣ್ಮುಖಪ್ಪ ಕೂತು ಓದಿದ. ಉಬ್ರಾಣಿಯ ಶಾಲೆಯಲ್ಲಿ ಕಲಿತ ಅಕ್ಷರ ಅವನದು. ನಿಧಾನವಾಗಿ, ಆದರೆ ಒಂದನ್ನೂ ಬಿಡದೆ ಓದುತ್ತಿದ್ದ.

ಗುಮಾಸ್ತನ ಬರವಣಿಗೆ ಬಣ್ಣ ಹಚ್ಚದ್ದು. ೧೯೬೯: ಹನ್ನೊಂದು ಜನ ಆಡಿದರು, ಕೋಲಾರದ ಕಡೆಯ ಒಬ್ಬ ಕ್ಯಾಡಿ ಮೂರೇ ಕೋಲು ತಂದು ಎಲ್ಲರನ್ನೂ ಸೋಲಿಸಿದ. ೧೯೭೦: ನಾಲ್ಕನೇ ಗುಂಡಿಯ ಬಳಿ ಕುರಿಹಿಂಡು ನುಗ್ಗಿತು, ಕುರಿ ತುಳಿದ ಚೆಂಡನ್ನು ದಂಡವಿಲ್ಲದೆ ಎತ್ತಿಡಬಹುದೆಂದು ಹೊಸ ನಿಯಮ ಮಾಡಿದರು. ೧೯೭೨: ಬರ, ಊರವರು ನೀರಿನ ಟ್ಯಾಂಕರಿಗೆ ಸಾಲು ನಿಂತಿದ್ದರು, ಅದೇ ಟ್ಯಾಂಕರಿನ ನೀರಲ್ಲಿ ಆಟಗಾರರ ಬೂಟು ತೊಳೆದೆವು, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ೧೯೭೩: ಗಣಿ ಮುಚ್ಚಿತು, ಒಬ್ಬ ಬಿಳಿ ಇಂಜಿನಿಯರ್ ಮಾತ್ರ ಉಳಿದ.

ಮುಂದಿನ ಹಾಳೆ ೧೯೭೫.

ಷಣ್ಮುಖಪ್ಪ ಹಿಂದೆ ಮುಂದೆ ತಿರುವಿದ. ಹೊಲಿಗೆಯಲ್ಲಿ ಹರಿದ ಕಾಗದದ ಅಂಚು ಸಿಕ್ಕಿಕೊಂಡಿತ್ತು. ೧೯೭೪ ಇರಲಿಲ್ಲ.

ತಲೆಯೆತ್ತಿ ಗೋಡೆಯ ಹಲಗೆ ನೋಡಿದ. ೧೯೭೪: ಚಿತ್ತಪ್ಪ.

"ಯಾರ್ರಿ ಈ ಚಿತ್ತಪ್ಪ?"

"ನಮ್ಮ ಜಗಳೂರವರೇ. ಕ್ಯಾಡಿಯಾಗಿ ಚೀಲ ಹೊತ್ತವರು. ಕಪ್ ಗೆದ್ದಮೇಲೆ ಬೆಂಗಳೂರಿಗೆ ಹೋದರು. ಈಗ ದೊಡ್ಡ ಕ್ಲಬ್ಬಿನಲ್ಲಿ ಆಟ ಕಲಿಸ್ತಾರೆ. ಮುಂದಿನ ತಿಂಗಳಿಂದ ಅಲ್ಲಿ ಅವರೇ ಮುಖ್ಯಸ್ಥರಂತೆ. ನಿನ್ನೆ ಬಂದಿದಾರೆ."

"ಈ ಪುಸ್ತಕ ಯಾರಾದ್ರೂ ನೋಡಿದ್ರಾ?"

ಮಹೇಶ್ವರಪ್ಪ ಕೆಮ್ಮಿದ. "ನಿನ್ನೆ ಬೆಳಿಗ್ಗೆ ಚಿತ್ತಪ್ಪನವರಿಗೆ ಕೊಟ್ಟಿದ್ದೆ. ಮಧ್ಯಾಹ್ನ ವಾಪಸ್ ಕೊಟ್ಟರು."

\* \* \*

ಷೆಡ್ಡಿನಲ್ಲಿ ಇಪ್ಪತ್ತು ಜನ ಕ್ಯಾಡಿಗಳು ಬೆಂಕಿ ಕಾಯುತ್ತಿದ್ದರು. ಎಲ್ಲರೂ ಸುತ್ತಲಿನ ಹಳ್ಳಿಯವರು, ಮೂವತ್ತು ನಲವತ್ತು ದಾಟಿದವರು. ಮೂಲೆಯಲ್ಲಿ ಒಬ್ಬ ಒಂದೊಂದೇ ಕೋಲನ್ನು ಬಟ್ಟೆಯಿಂದ ಒರೆಸಿ ಚೀಲಕ್ಕೆ ಇಳಿಸುತ್ತಿದ್ದ. ಚಳಿಗೆ ಕಾಲುಗಳನ್ನು ಗೋಣಿಚೀಲದೊಳಗೆ ಸೇರಿಸಿಕೊಂಡಿದ್ದ.

"ಅದು ಯಾರ ಚೀಲ?"

"ಚಿತ್ತಪ್ಪಂದು ಸಾಹೇಬ್ರೆ," ಎಂದು ಇನ್ನೊಬ್ಬ ಬಾಯಿ ಹಾಕಿದ. "ನಾಲ್ಕಪ್ಪನೇ ಹೊರೋದು. ಜೋಡೆತ್ತು ಅವು."

ಎಲ್ಲರೂ ನಕ್ಕರು. ಮೂಲೆಯವನು ತಲೆ ಎತ್ತಲಿಲ್ಲ.

"ನಾಲ್ಕಪ್ಪ ಅಂದ್ರೆ?"

"ಗೋಣೆಪ್ಪ ಅಂತ ಅವನ ಹೆಸರು. ಐದು ಹೊಡೆದು ನಾಲ್ಕು ಬರೆಸ್ದ. ಅದಕ್ಕೆ ನಾಲ್ಕಪ್ಪ. ಅವನ ಮಕ್ಕಳನ್ನೂ ಶಾಲೆಯಾಗೆ ನಾಲ್ಕಪ್ಪನ ಮಕ್ಕಳು ಅಂತಾರೆ."

"ಸುಮ್ನಿರ್ರೋ," ಎಂದ ಷಣ್ಮುಖಪ್ಪ. "ಏನಯ್ಯ ಅದು, ನೀನೇ ಹೇಳು."

ಗೋಣೆಪ್ಪ ಕೋಲು ಒರೆಸುತ್ತಲೇ ಹೇಳಿದ. ಈ ಆಟದಲ್ಲಿ ನಮ್ಮ ಹೊಡೆತ ನಾವು ಬರೆಯುವಂತಿಲ್ಲ. ಜೊತೆಗಾರ ಬರೆಯುತ್ತಾನೆ. ಕೊನೆಗೆ ನಾವು ಸಹಿ ಹಾಕುತ್ತೇವೆ. ಒಂದು ಹೊಡೆತ ಕಡಿಮೆ ಬರೆದ ಚೀಟಿಗೆ ಸಹಿ ಬಿದ್ದರೆ ಪಂದ್ಯದಿಂದಲೇ ಹೊರಗೆ. ಎಪ್ಪತ್ತನಾಲ್ಕರಲ್ಲಿ ನಾನೂ ಆಡಿದ್ದೆ, ಎರಡು ಹೊಡೆತದಿಂದ ಮುಂದಿದ್ದೆ. ಚೀಟಿ ಬರೆದವನು ಚಿತ್ತಪ್ಪ. ಎಂಟನೇ ಗುಂಡಿಗೆ ನಾಲ್ಕು ಎಂದು ಬಿದ್ದಿತ್ತು. ಬಿಳಿ ಇಂಜಿನಿಯರ್ ದೂರದಿಂದ ಐದು ಎಣಿಸಿದ್ದ. ನಾನು ಹೊರಗೆ, ಕಪ್ಪು ಅವನಿಗೆ.

"ನೋಡದೆ ಸಹಿ ಹಾಕಿದ್ಯಾ?"

"ಹೆಬ್ಬೆಟ್ಟು ಸಾಹೇಬ್ರೆ. ನಂಗೆ ಅಕ್ಷರ ಬರಲ್ಲ, ಅಂಕಿನೂ ಬರಲ್ಲ. ಎಷ್ಟನೇ ಗುಂಡಿ ಅಂತ ಬಾವುಟದ ಬಣ್ಣ ನೋಡಿ ಹೇಳ್ತೀನಿ. ಚಿತ್ತಪ್ಪ ನಮ್ಮ ಓಣಿಯವನು. ಓದಿ ಹೇಳ್ದ, ಒತ್ತಿದೆ."

"ಮತ್ತೆ ಇವತ್ತೂ ಅವನ ಚೀಲ ಹೊರ್ತೀಯಲ್ಲೋ! ಮಾನ ಇಲ್ವಾ?"

"ಅವನು, ನಾನಾಗಿ ಬರೆದದ್ದಲ್ಲ, ನೀನೇ ನಾಲ್ಕು ಅಂದಿದ್ದಿ ಅಂತಾನೆ. ನಂಗೆ ಐದು ಅಂದ ನೆನಪು. ಬರೆದದ್ದು ನಾಲ್ಕು ಐತೆ. ಬರೆದದ್ದರ ಮುಂದೆ ನನ್ನ ನೆನಪಿಗೆ ಏನು ಬೆಲೆ ಸಾಹೇಬ್ರೆ?"

\* \* \*

ಶಿವಮೂರ್ತಪ್ಪನ ಮನೆ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿತ್ತು. ಜೀಪಿನಲ್ಲಿ ಮೂರು ಗಂಟೆ. ಅವನ ಹೆಂಡತಿ ನಿರ್ಮಲಮ್ಮ ಬಾಗಿಲಲ್ಲೇ ಕೂತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು.

ಷಣ್ಮುಖಪ್ಪನಿಗೆ ಸಮಾಧಾನ ಹೇಳಲು ಬರುವುದಿಲ್ಲ. ನೇರವಾಗಿ ಕೇಳಿದ. "ಅಮ್ಮಾ, ಎಪ್ಪತ್ತನಾಲ್ಕರ ಪಂದ್ಯದ ಬಗ್ಗೆ ಏನಾದ್ರೂ ಹೇಳಿದ್ರಾ?"

"ಅದೊಂದೇ ಹೇಳ್ತಿದ್ದದ್ದು. ಗೋಣೆಪ್ಪ ಐದು ಅಂತ ಕೂಗಿ ಹೇಳಿದ್ದನ್ನ ಇವರು ಪಕ್ಕದಲ್ಲೇ ನಿಂತು ಕೇಳಿದ್ರಂತೆ. ಚಿತ್ತಪ್ಪ ಬೇಕಂತಲೇ ನಾಲ್ಕು ಬರೆದನಂತೆ. ಗಣಿ ಮುಚ್ಚಿದ ಹೊಸದು, ಕೆಲಸ ಹೋದೀತು ಅಂತ ಇವರು ಬಾಯಿ ಬಿಡಲಿಲ್ಲ. ಒಂಬತ್ತು ವರ್ಷ ನಿದ್ದೆ ಸರಿಯಾಗಿ ಮಾಡಲಿಲ್ಲ ಕಣಪ್ಪ. ಹೋದ ಸೋಮವಾರ ಬರೆದು ಮುಗಿಸಿದೆ ಅಂದ್ರು. ಆವತ್ತು ಎರಡು ರೊಟ್ಟಿ ಹೆಚ್ಚು ಉಂಡ್ರು."

"ಗೋಣೆಪ್ಪನಿಗೆ ಇದು ಗೊತ್ತಿತ್ತಾ?"

"ಪುಸ್ತಕ ಅಚ್ಚಾಗಲಿ, ಎಲ್ಲರ ಮುಂದೆ ಓದಿಸ್ತೀನಿ, ಅವನ ಮುಖ ನೋಡಬೇಕು ಅಂತಿದ್ರು. ಹೇಳಿರಲಿಲ್ಲ."

ಜೀಪು ಹತ್ತಿದ ಮೇಲೆ ಕಾನ್‌ಸ್ಟೇಬಲ್ ಚಿಕ್ಕಹನುಮಂತಪ್ಪ ಹೇಳಿದ, "ಮುಗೀತಲ್ಲ ಸಾರ್. ಪುಟ ಬೆಳಕಿಗೆ ಬಂದ್ರೆ ಹಾಳಾಗೋನು ಒಬ್ಬನೇ. ಚಿತ್ತಪ್ಪ."

ಷಣ್ಮುಖಪ್ಪನೂ ಹಾಗೆಯೇ ಅಂದುಕೊಂಡ. ಅಲ್ಲಿಯೇ ಎಡವಿದ.

\* \* \*

ಗುರುವಾರ ಬೆಳಿಗ್ಗೆ ಚಿತ್ತಪ್ಪನ ಚೀಲವನ್ನು ಕ್ಲಬ್ಬಿನ ಜಗಲಿಯ ಮೇಲೆ ಬೋರಲು ಹಾಕಿದರು. ಹದಿನಾಲ್ಕು ಕೋಲು. ಎಲ್ಲವೂ ಕನ್ನಡಿಯಂತೆ ಹೊಳೆಯುತ್ತಿದ್ದವು. ಏಳನೇ ನಂಬರಿನ ಕಬ್ಬಿಣದ ಕೋಲಿನ ಮುಖದ ಮೇಲೆ ಕೂದಲೆಳೆಯಷ್ಟು ತೆಳುವಾದ ಗೀರುಗಳಿದ್ದವು. ಗೀರಿನೊಳಗೆ ಕಂದು ಬಣ್ಣ ಒಣಗಿತ್ತು. ಷಣ್ಮುಖಪ್ಪ ಸೂಜಿಯಿಂದ ಕೆರೆದು ಕಾಗದದ ಮೇಲೆ ಉದುರಿಸಿದ. ರಕ್ತ.

ಚಿತ್ತಪ್ಪ ಬೆಂಗಳೂರಿನ ಉಣ್ಣೆ ಅಂಗಿ ತೊಟ್ಟಿದ್ದ. ಹೆದರಲಿಲ್ಲ.

"ಕೋಲು ನಂದೇ ಸಾರ್. ಕೈ ನಂದಲ್ಲ. ಮಂಗಳವಾರ ಐದರಿಂದ ಎಂಟರವರೆಗೆ ಇದೇ ಜಗಲಿ ಮೇಲೆ ಚಹಾಕೂಟ. ಕಾರ್ಯದರ್ಶಿಗಳು ಇದ್ರು, ತಹಸೀಲ್ದಾರ್ರು ಇದ್ರು. ನಾನು ಎದ್ದು ಮೂತ್ರಕ್ಕೂ ಹೋಗಿಲ್ಲ. ಕೇಳ್ರಿ."

ಷಣ್ಮುಖಪ್ಪ ಕೇಳಿದ. ಹನ್ನೆರಡು ಜನ ಹೌದೆಂದರು. ಓಬವ್ವ ಮರಳು ಬಿಟ್ಟದ್ದು ಐದಕ್ಕೆ. ಆರೂಮುಕ್ಕಾಲಿಗೆ ಕತ್ತಲೆ. ಕತ್ತಲಲ್ಲಿ ಹೆಣ ಬಳಸಿ ಅಷ್ಟು ಓರಣವಾಗಿ ಗೆರೆ ಎಳೆಯಲಾಗದು, ಕೊಲೆ ಆ ನಡುವೆಯೇ ನಡೆದದ್ದು. ಚಿತ್ತಪ್ಪ ಅಲ್ಲ.

"ಚೀಲ ಷೆಡ್ಡಲ್ಲಿತ್ತು," ಎಂದ ಚಿತ್ತಪ್ಪ. "ಯಾರು ಬೇಕಾದ್ರೂ ಕೋಲು ತಗೋಬಹುದು."

ಷಣ್ಮುಖಪ್ಪ ಎಂಟನೇ ಗುಂಡಿಗೆ ಮತ್ತೆ ಹೋದ. ಸಿಟ್ಟಿನಲ್ಲಿ ಬೂಟುಗಾಲಲ್ಲೇ ಮರಳಿಗಿಳಿದ. ಓಬವ್ವ ಹಲ್ಲು ಕಡಿದಳು.

"ನಿನ್ನೆ ನಿಮ್ಮ ಬೂಟಿಗೆ ಹತ್ತಿದ್ದೇ ಹೋಗಿಲ್ಲ, ಇವತ್ತು ಮತ್ತೆ ಇಳಿದ್ರಾ? ಈ ಎಣ್ಣೆ ಒಂದ್ಸಲ ಕಾಲಿಗೆ ಹತ್ತಿದ್ರೆ ತಿಂಗಳು ಬಿಡಲ್ಲ. ಹಿಮ್ಮಡಿ ಸೀಳಿನಾಗೆ ಇಳೀತದೆ."

ಷಣ್ಮುಖಪ್ಪ ಬೂಟು ನೋಡಿಕೊಂಡ. ಅಡಿಭಾಗವೆಲ್ಲ ಟಾರಿನಂತೆ ಕಪ್ಪು. ಕೊಂದವನ ಕಾಲೂ ಹೀಗೆಯೇ ಇರಬೇಕು.

\* \* \*

"ಸಾಲಾಗಿ ಕೂತ್ಕೊಳ್ರೋ. ಅಂಗಾಲು ಮೇಲೆ ಮಾಡ್ರಿ."

ಕ್ಯಾಡಿಗಳು ಒಬ್ಬರ ಮುಖ ಒಬ್ಬರು ನೋಡಿದರು.

"ಮದುವಣಿಗನ ಶಾಸ್ತ್ರ ಮಾಡ್ತಾರೇನೋ," ಎಂದ ಒಬ್ಬ.

"ಬಾಯಿ ಮುಚ್ಚು."

ಮೊದಲನೆಯವನ ಅಂಗಾಲು ಕಪ್ಪು. ಎರಡನೆಯವನದೂ ಕಪ್ಪು. ಮೂರು, ನಾಲ್ಕು, ಐದು, ಎಲ್ಲ ಕಪ್ಪು. ಪಂದ್ಯದ ವಾರವೆಲ್ಲ ಆ ಮರಳಿನ ಮೇಲೆಯೇ ಓಡಾಡುವ ಕಾಲುಗಳು, ಮತ್ತೇನಿರುತ್ತದೆ? ಚಿಕ್ಕಹನುಮಂತಪ್ಪ ಮೀಸೆಯೊಳಗೆ ನಗುತ್ತಿದ್ದ. ಷಣ್ಮುಖಪ್ಪನಿಗೆ ತನ್ನ ದಡ್ಡತನಕ್ಕೆ ತಾನೇ ಬೈದುಕೊಳ್ಳುವಂತಾಯಿತು. ಕಪ್ಪು ಕಾಲು ಹುಡುಕಲು ಕ್ಯಾಡಿಗಳ ಷೆಡ್ಡಿಗೆ ಬಂದಿದ್ದ. ಹತ್ತೊಂಬತ್ತು ಜೊತೆ ಸಿಕ್ಕಿದ್ದವು.

ಇಪ್ಪತ್ತನೆಯವನು ಮೂಲೆಯಲ್ಲಿದ್ದ. ಇಂದೂ ಕಾಲು ಗೋಣಿಚೀಲದೊಳಗಿತ್ತು.

"ತೆಗಿ."

ಗೋಣೆಪ್ಪ ತೆಗೆದ.

ಷೆಡ್ಡಿನಲ್ಲಿ ನಗು ನಿಂತಿತು. ಗೋಣೆಪ್ಪನ ಅಂಗಾಲು ಬೆಳ್ಳಗಿತ್ತು. ಇಟ್ಟಿಗೆಯಿಂದ ತಿಕ್ಕಿ ತಿಕ್ಕಿ ಚರ್ಮ ಸುಲಿದಿತ್ತು. ಹಿಮ್ಮಡಿಯ ಸೀಳುಗಳಲ್ಲಿ ಒಂದು ಚುಕ್ಕೆ ಎಣ್ಣೆಯೂ ಇರಲಿಲ್ಲ. ಸೀಮೆಎಣ್ಣೆಯ ವಾಸನೆ ಬರುತ್ತಿತ್ತು.

"ಇವರೆಲ್ಲರಿಗೆ ಇಲ್ಲದ ಮಡಿ ನಿನಗೆ ಯಾಕೆ ಬಂತೋ?" ಷಣ್ಮುಖಪ್ಪನ ದನಿ ತಗ್ಗಿತು. "ದುಡಿಯೋ ಕ್ಯಾಡಿಯ ಕಾಲಲ್ಲಿ ಎಣ್ಣೆ ಇರಬೇಕು. ಇದ್ರೆ ಯಾರೂ ಕೇಳ್ತಿರಲಿಲ್ಲ. ತೊಳೆದು ಸಿಕ್ಕಿಬಿದ್ದೆ."

"ನಾನು ತೊಳೆದದ್ದು ಎಣ್ಣೆಯಲ್ಲ ಸಾಹೇಬ್ರೆ," ಎಂದ ಗೋಣೆಪ್ಪ. "ಅವರ ನೆತ್ತರು ಮರಳಿಗಿಳಿದು ಕಾಲಿಗೆ ಹತ್ತಿತ್ತು. ಎಣ್ಣೆಯಾಗೆ ಕಲೆತುಬಿಟ್ಟಿತ್ತು. ಅದೊಂದನ್ನೇ ತೊಳೆಯಾಕೆ ಆಗಲಿಲ್ಲ."

ಷಣ್ಮುಖಪ್ಪ ಅವನ ಎದುರು ಕುಕ್ಕರಗಾಲಲ್ಲಿ ಕೂತ. "ಬಾವುಟ ನೆಟ್ಟಾಗಲೇ ನನಗೆ ಗೊತ್ತಾಗಿತ್ತು ಕ್ಯಾಡಿ ಅಂತ. ಕೋಲು ಒರೆಸಿ ಅದರ ಜಾಗಕ್ಕೆ ಇಟ್ಟಿದ್ದೆ, ಅದೂ ಕ್ಯಾಡಿಯ ಕೆಲಸ. ಆದ್ರೆ ಪುಟ ಕದ್ದವನೇ ಕೊಂದವನು, ಪುಟದಿಂದ ಕೆಡೋನೇ ಕದ್ದವನು ಅಂದ್ಕೊಂಡಿದ್ದೆ. ನಿನ್ನ ಒಳ್ಳೇದಕ್ಕೆ ಬರೆದ ಮನುಷ್ಯನ್ನ ನೀನು ಯಾಕೆ ಹೊಡೆದೆ?"

"ಒಳ್ಳೇದಕ್ಕಾ?" ಗೋಣೆಪ್ಪ ನಕ್ಕ. ಆ ನಗೆ ನೋಡುವಂತಿರಲಿಲ್ಲ. "ಮಂಗಳವಾರ ಮಧ್ಯಾಹ್ನ ಚಿತ್ತಪ್ಪ ಪುಟ ತಂದು ಓದಿ ಹೇಳ್ದ. 'ಗೋಣೆಪ್ಪ ಮೋಸಗಾರ. ಐದು ಹೊಡೆದು ನಾಲ್ಕು ಅಂದ. ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೇನೆ.' ಹಂಗೆ ಬರೆದಾರೆ ಅಂದ. ಅಚ್ಚಾದ್ರೆ ನಿನ್ನ ಮಕ್ಕಳ ಮಕ್ಕಳೂ ಓದ್ತಾರೆ, ಹೋಗಿ ಕೇಳು ಅಂತ ಪುಟ ಕೈಗೆ ಕೊಟ್ಟ."

"ನೀನು ಹೋದೆ."

"ಸಂಜೆ ಅವರನ್ನ ಎಂಟನೇ ಗುಂಡಿಗೆ ಕರ್ಕೊಂಡು ಹೋದೆ. ಎಲ್ಲಿಂದ ಹೊಡೆದೆ, ಎಲ್ಲಿ ಬಿತ್ತು ಅಂತ ತೋರ್ಸಾಕೆ ಕೋಲು ಒಯ್ದಿದ್ದೆ. ಬಾವುಟ ಕಿತ್ತು ಮಲಗಿಸ್ದೆ. ಇಲ್ಲಿಂದ ಮೂರನೇದು, ಅಲ್ಲಿ ತಪ್ಪಿತು ನಾಲ್ಕನೇದು, ಐದನೇದಕ್ಕೆ ಬಿತ್ತು ಅಂದೆ. ಹೌದು ಹೌದು ಅಂದ್ರು. ಮತ್ತೆ ಏನು ಬರೆದೀರಿ ಸ್ವಾಮಿ ಅಂತ ಪುಟ ಹಿಡಿದೆ. 'ನಡೆದದ್ದು ನಡೆದಂಗೆ ಬರೆದೀನಿ ಗೋಣೆಪ್ಪ. ಇನ್ನು ನನಗೆ ನಿದ್ದೆ ಬರ್ತದೆ' ಅಂದ್ರು. ಅಂದು ನಕ್ಕರು ಸಾಹೇಬ್ರೆ. ನನ್ನ ಮುಖ ನೋಡಿ ನಕ್ಕರು."

ಅವನು ಕಾಲನ್ನು ಮತ್ತೆ ಗೋಣಿಚೀಲದೊಳಗೆ ಎಳೆದುಕೊಂಡ.

"ಆಮೇಲೆ ಬಾವುಟ ನೆಟ್ಟೆ. ಯಾಕೆ ನೆಟ್ಟೆ ಅಂತ ಕೇಳಬೇಡ್ರಿ. ಬಿದ್ದಿತ್ತು, ನೆಟ್ಟೆ. ಹಲಗೆ ಕೈಗೆ ಸಿಕ್ತು, ಎಳೆದೆ."

"ಪುಟ ಎಲ್ಲಿ?"

ಗೋಣೆಪ್ಪ ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿದ. ನಾಲ್ಕಾಗಿ ಮಡಿಚಿದ ಹಾಳೆ. ಷಣ್ಮುಖಪ್ಪ ಬೆಳಕಿಗೆ ಹಿಡಿದು ಓದಿದ. ಎರಡು ಸಲ ಓದಿದ. ಮಾತಾಡದೆ ಜೇಬಿನಲ್ಲಿಟ್ಟುಕೊಂಡು ಎದ್ದ.

\* \* \*

"ಓದಿದ್ಯಾ ಅವನಿಗೆ?" ಷಣ್ಮುಖಪ್ಪ ಕ್ಲಬ್ಬಿನೊಳಗೆ ಬಂದು ಹಾಳೆ ಮುಂದೆ ಹಿಡಿದ.

"ಓದಿದೆ ಸಾರ್." ಚಿತ್ತಪ್ಪ ಬೂಟಿನ ದಾರ ಕಟ್ಟುತ್ತಿದ್ದ. "ಇದ್ದದ್ದನ್ನೇ ಓದಿದೆ."

"ಇದ್ದದ್ದು ಓದಿದ್ರೆ ಅವನು ಹೋಗಿ ಶಿವಮೂರ್ತಪ್ಪನ ಕಾಲಿಗೆ ಬೀಳ್ತಿದ್ದ."

"ಅವನಿಗೆ ಹೆಂಗೆ ಕೇಳಿಸ್ತೋ. ನಾನು ಬೇರೆ ಓದಿದೆ ಅನ್ನಾಕೆ ಸಾಕ್ಷಿ ಯಾರು? ಕೊಲೆಗಾರ. ಹೆಬ್ಬೆಟ್ಟಿನ ಕೊಲೆಗಾರ. ಎಪ್ಪತ್ತನಾಲ್ಕರಲ್ಲೂ ಹಿಂಗೇ ಅಂದ, ಯಾರು ನಂಬಿದ್ರು?" ದಾರ ಕಟ್ಟಿ ಎದ್ದು ನಿಂತ. "ಪುಟದಲ್ಲಿ ಇರೋದು ಸತ್ತವರ ಮಾತು. ಆ ಬಿಳಿ ಇಂಜಿನಿಯರ್ ದೇಶ ಬಿಟ್ಟು ಹೋಗಿ ಆತು. ನನ್ನ ಮೇಲೆ ಯಾವ ಸೆಕ್ಷನ್ ಹಾಕ್ತೀರಿ ಸಾರ್?"

ಷಣ್ಮುಖಪ್ಪ ಸೆಕ್ಷನ್ ಹಾಕಲಿಲ್ಲ. ಕೆನ್ನೆಗೆ ಹಾಕಿದ. ಚಿತ್ತಪ್ಪ ಗೆದ್ದವರ ಹಲಗೆಗೆ ಹೋಗಿ ಬಡಿದ. ಬಾಗಿಲಲ್ಲಿ ಮಹೇಶ್ವರಪ್ಪ ನಿಂತಿದ್ದ, ಅವನ ಹಿಂದೆ ಬೆಂಗಳೂರಿನ ಆಟಗಾರರು ನಿಂತಿದ್ದರು.

ಆ ಏಟಿಗೆ ಹದಿನೈದೇ ದಿನದಲ್ಲಿ ಷಣ್ಮುಖಪ್ಪನಿಗೆ ನ್ಯಾಮತಿಗೆ ವರ್ಗವಾಯಿತು. ಚಿತ್ತಪ್ಪನ ಹೆಸರನ್ನು ಆಪಾದನೆ ಪಟ್ಟಿಗೆ ಸೇರಿಸಬೇಕೆಂದು ಷಣ್ಮುಖಪ್ಪ ಮೂರು ಸಲ ಬರೆದ. ಮೂರು ಸಲವೂ ಸಾಕ್ಷ್ಯವಿಲ್ಲವೆಂದು ವಾಪಸು ಬಂತು. ಪಂದ್ಯ ಆ ವರ್ಷ ನಿಂತಿತು. ಮತ್ತೆ ನಡೆಯಲಿಲ್ಲ. ಪುಸ್ತಕ ಅಚ್ಚಾಗಲಿಲ್ಲ. ಒಂಬತ್ತು ಗುಂಡಿಗಳ ಸುತ್ತಿನ ಮರಳಿನಲ್ಲಿ ಕುರಿಗಳು ಮಲಗುತ್ತವೆ. ತೇಗದ ಹಲಗೆಯನ್ನು ಮಹೇಶ್ವರಪ್ಪ ಚನ್ನಗಿರಿಗೆ ಒಯ್ದು ಮಂಡಿಯ ಗೋಡೆಗೆ ಹಾಕಿಕೊಂಡ. ಅದರ ಮೇಲೆ ಇಂದಿಗೂ ೧೯೭೪: ಚಿತ್ತಪ್ಪ.

ಗೋಣೆಪ್ಪನಿಗೆ ಜೀವಾವಧಿ ಆಯಿತು. ಅವನ ಮಕ್ಕಳಿಗೆ ಹೊಸ ಹೆಸರು ಬಂತು. ಕೊಲೆಗಾರನ ಮಕ್ಕಳು.

ಇದೆಲ್ಲ ಆಮೇಲಿನ ಮಾತು.

\* \* \*

ಗುರುವಾರ ಮಧ್ಯಾಹ್ನ ಜಗಳೂರು ಠಾಣೆಯ ಲಾಕಪ್ಪಿನಲ್ಲಿ ಗೋಣೆಪ್ಪ ಗೋಡೆಗೊರಗಿ ಕೂತಿದ್ದ. ಷಣ್ಮುಖಪ್ಪ ಪಂಚನಾಮೆ ಬರೆಯುತ್ತಿದ್ದ.

"ಸಾಹೇಬ್ರೆ."

"ಏನು?"

"ಷೆಡ್ಡಿನಾಗೆ ನನ್ನ ಒಳ್ಳೇದಕ್ಕೆ ಬರೆದ ಅಂದ್ರಿ. ಆಮೇಲೆ ಪುಟ ಓದಿ ಸುಮ್ಮನಾದ್ರಿ. ಅದರಾಗೆ ಏನೈತೆ?"

"ಊಟ ಮಾಡಿ ಮಲಕ್ಕೋ."

"ಓದಿ ಹೇಳ್ರಿ."

ಷಣ್ಮುಖಪ್ಪ ಪೆನ್ನು ಕೆಳಗಿಟ್ಟ. ಓದದೆ ಇರಬಹುದಿತ್ತು. ಚಿತ್ತಪ್ಪ ಓದಿದಂತೆಯೇ ಇದೆ ಎಂದುಬಿಡಬಹುದಿತ್ತು. ಹಾಗೆಂದರೆ ಗೋಣೆಪ್ಪ, ನನ್ನ ವೈರಿಯನ್ನೇ ಕೊಂದೆ ಎಂದುಕೊಂಡು ಜೈಲಿಗೆ ಹೋಗುತ್ತಿದ್ದ. ಅದರಲ್ಲಿ ಒಂದಿಷ್ಟು ನೆಮ್ಮದಿಯಾದರೂ ಇರುತ್ತಿತ್ತು. ಚಿಕ್ಕಹನುಮಂತಪ್ಪ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದ.

ಆದರೆ ಈ ಮನುಷ್ಯನಿಗೆ ಎರಡು ಸಲ ಸುಳ್ಳು ಓದಿದ್ದರು. ಮೂರನೇ ಸಲ ಓದಲು ಷಣ್ಮುಖಪ್ಪನಿಗೆ ಬಾಯಿ ಬರಲಿಲ್ಲ.

ಕಂಬಿಗಳ ಹತ್ತಿರ ಹೋಗಿ ಹಾಳೆ ಬಿಚ್ಚಿದ. ಉಬ್ರಾಣಿಯ ಮೇಷ್ಟರ ಮುಂದೆ ಓದುತ್ತಿದ್ದ ಹಾಗೆ, ಒಂದೊಂದೇ ಪದ ಬಿಡಿಸಿ ಓದಿದ.

"೧೯೭೪. ಈ ವರ್ಷ ಕಪ್ಪು ಚಿತ್ತಪ್ಪನಿಗೆ ಹೋಯಿತು. ಅದು ಅವನದಲ್ಲ. ಎಂಟನೇ ಗುಂಡಿಯಲ್ಲಿ ಗೋಣೆಪ್ಪ ಐದು ಹೊಡೆದ. ಐದು ಎಂದು ಬಾಯಿಬಿಟ್ಟು ಹೇಳಿದ. ಚಿತ್ತಪ್ಪ ನಾಲ್ಕು ಎಂದು ಬರೆದ. ನಾನು ಪಕ್ಕದಲ್ಲಿ ನಿಂತು ಕೇಳಿದೆ, ನೋಡಿದೆ. ಕೆಲಸದ ಆಸೆಗೆ ಸುಮ್ಮನಿದ್ದೆ. ಗೋಣೆಪ್ಪನಿಗೆ ಬಂದ ಕೆಟ್ಟ ಹೆಸರು ನನ್ನಿಂದ ಬಂದದ್ದು. ಈ ಪಂದ್ಯದ ಚರಿತ್ರೆಯಲ್ಲಿ ಅವನಷ್ಟು ನೇರ ಆಡಿದವನನ್ನು ನಾನು ನೋಡಿಲ್ಲ. ಹಲಗೆಯ ಮೇಲೆ ಅವನ ಹೆಸರು ಬರೆಯಬೇಕೆಂದು ಕ್ಲಬ್ಬನ್ನು ಕೈಮುಗಿದು ಕೇಳುತ್ತೇನೆ."

ಗೋಣೆಪ್ಪ ಎದ್ದು ಕಂಬಿಯ ಹತ್ತಿರ ಬಂದ.

"ಎಂಟನೇ ಗುಂಡಿಯದು ಇನ್ನೊಂದ್ಸಲ ಓದ್ರಿ."

ಷಣ್ಮುಖಪ್ಪ ಓದಿದ.

"ಎಷ್ಟು ಅಂತ ಐತೆ?"

"ಐದು."

"ಎಲ್ಲಿ ಐತೆ, ತೋರಿಸ್ರಿ."

ಷಣ್ಮುಖಪ್ಪ ಹಾಳೆಯನ್ನು ಕಂಬಿಯೊಳಗೆ ಹಿಡಿದು ಆ ಪದದ ಕೆಳಗೆ ಬೆರಳಿಟ್ಟ. ಗೋಣೆಪ್ಪ ಬಗ್ಗಿ ನೋಡಿದ. ಓದಲು ಬಾರದ ಕಣ್ಣು ಆ ಎರಡಕ್ಷರದ ಮೇಲೆ ನಿಂತಿತು. ಹೆಬ್ಬೆಟ್ಟಿನಿಂದ ಅದನ್ನು ಒಂದು ಸಲ ಮುಟ್ಟಿದ.

ಆಮೇಲೆ ತಲೆ ಎತ್ತಿದ. ಮುಖದಲ್ಲಿ ಏನೂ ಉಳಿದಿರಲಿಲ್ಲ.

"ಹಂಗಾದ್ರೆ ಅವರು ನಕ್ಕಿದ್ದು... ಇದಕ್ಕಾ ಸಾಹೇಬ್ರೆ?"